ಫೋಟೊ ನೋಡಿ ಬೆಳ್ಳಿ ರೂಪಾಯಿಯ ಸ್ಥಿತಿ ಅಳೆಯುವುದು ಹೇಗೆ?

ನನ್ನ ಬಳಿ 1918ರ ಒಂದು ಐದನೇ ಜಾರ್ಜ್ ರೂಪಾಯಿ ಇದೆ. ಮೊಬೈಲ್‌ಗೆ ಬಂದ ಫೋಟೊ ನೋಡಿಯೇ ಕೊಂಡದ್ದು. ಚಿತ್ರದಲ್ಲಿ ಹುಣ್ಣಿಮೆ ಚಂದ್ರನ ಹಾಗೆ ಹೊಳೆಯುತ್ತಿತ್ತು. ‘ಎಕ್ಸ್‌ಟ್ರಾ ಫೈನ್’, ಅಂದರೆ ತೀರ ಕಡಿಮೆ ಸವೆದ ದರ್ಜೆ ಎಂದು ಮಾರಾಟಗಾರ ಬರೆದಿದ್ದ. ನಾಣ್ಯ ಮನೆಗೆ ಬಂದ ಮೇಲೆ ಕಿಟಕಿಯ ಬಳಿ ಓರೆಯಾಗಿ ಹಿಡಿದರೆ ಮೈತುಂಬ ಕೂದಲೆಳೆಯಂಥ ಗೀರುಗಳು, ರಾಜನ ನೆತ್ತಿಯ ನೇರಕ್ಕೆ ಅಂಚಿನಲ್ಲಿ ಬೆಸುಗೆಯ ಕಲೆ. ಯಾರದೋ ಕೊರಳ ಸರದಲ್ಲಿ ತೂಗಾಡಿದ ನಾಣ್ಯ ಅದು. ಸಿಟ್ಟಿನಲ್ಲಿ ಹಳೆಯ ಫೋಟೊವನ್ನು ಮತ್ತೆ ತೆರೆದೆ. ಎರಡೂ ದೋಷಗಳು ಅಲ್ಲಿಯೇ ಇದ್ದವು. ಓದಲು ನನಗೆ ಬಂದಿರಲಿಲ್ಲ, ಅಷ್ಟೆ.

ನಾಣ್ಯಕ್ಕಿಂತ ಮೊದಲು ಫೋಟೊ ನೋಡಿ

ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಯ ಅಗಲ ಸುಮಾರು 30.5 ಮಿಲಿಮೀಟರ್. ಚಿತ್ರದಲ್ಲಿ ಅದು 300 ಪಿಕ್ಸೆಲ್‌ಗಳಲ್ಲಿ ಮುಗಿದರೆ ಒಂದು ಪಿಕ್ಸೆಲ್‌ಗೆ ಮಿಲಿಮೀಟರಿನ ಹತ್ತನೇ ಒಂದು ಭಾಗ ಬಂತು. ತಿಕ್ಕಿದ ಗೀರು ಅದಕ್ಕಿಂತ ಸಣ್ಣದು. ಅಂಥ ಚಿತ್ರದಲ್ಲಿ ಎಲ್ಲ ನಾಣ್ಯಗಳೂ ಸುಂದರವೇ. ಅಗಲಕ್ಕೆ ಸಾವಿರ ಪಿಕ್ಸೆಲ್‌ಗಳಾದರೂ ಬೇಕು. ವಾಟ್ಸ್ಆ್ಯಪ್ ಚಿತ್ರವನ್ನು ಕುಗ್ಗಿಸಿಬಿಡುತ್ತದೆ, ಆದ್ದರಿಂದ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಲು ಹೇಳಿ.

ಮುಂದಿನದು ಬೆಳಕು. ಫ್ಲ್ಯಾಷ್ ಹಾಕಿ ನೇರವಾಗಿ ತೆಗೆದ ಚಿತ್ರದಲ್ಲಿ ಬೆಳ್ಳಿ ಸುಣ್ಣ ಬಳಿದಂತೆ ಬಿಳುಚಿಕೊಳ್ಳುತ್ತದೆ, ಗೀರುಗಳು ಕರಗಿ ಹೋಗುತ್ತವೆ. ಪಕ್ಕದಿಂದ, ತಗ್ಗಿನಿಂದ ಬಿದ್ದ ಬೆಳಕು ಚಿಕ್ಕ ಗೀರನ್ನೂ ತೋರಿಸಿಬಿಡುತ್ತದೆ. ನಾಣ್ಯದ ಕೆಳಗಿನ ಕಾಗದದ ಬಣ್ಣವನ್ನೂ ಗಮನಿಸಿ: ಬಿಳಿ ಕಾಗದ ಹಳದಿಯಾಗಿ ಕಂಡರೆ ನಾಣ್ಯದ ಮೇಲಿನ ‘ಚಿನ್ನದ ಛಾಯೆ’ ಬಲ್ಬಿನದು. ಪ್ಲಾಸ್ಟಿಕ್ ಡಬ್ಬಿಯಲ್ಲಿರುವ ನಾಣ್ಯವಾದರೆ ಗೀರು ನಾಣ್ಯದ ಅಂಚು ದಾಟಿ ಮುಂದುವರಿದಿದೆಯೇ ನೋಡಿ. ದಾಟಿದ್ದರೆ ಅದು ಡಬ್ಬಿಯ ಗೀರು.

ಆನೆಯ ಮೇಲೆ ಕಣ್ಣಿಡಿ

ಸವೆತ ಮೊದಲು ಮುಟ್ಟುವುದು ಉಬ್ಬಿದ ಜಾಗಗಳನ್ನು. ಜಾರ್ಜ್ ರೂಪಾಯಿಯಲ್ಲಿ ಅವು ಹುಬ್ಬು, ಕಿವಿಯ ಮೇಲಂಚು, ಕಿರೀಟದ ಹರಳುಗಳು ಮತ್ತು ನಿಲುವಂಗಿಯ ಕಸೂತಿ. ನಾನು ಮಾತ್ರ ಮೊದಲು ಹುಡುಕುವುದು ಎದೆಯ ಮೇಲಿನ ಪುಟ್ಟ ಆನೆಯನ್ನು. 1911ರ ರೂಪಾಯಿಯಲ್ಲಿ ಈ ಆನೆಯ ಸೊಂಡಿಲು ಮೋಟಾಗಿ ಜನ ಅದನ್ನು ಹಂದಿ ಎಂದರು, ಗಲಾಟೆಯಾಯಿತು, 1912ರಿಂದ ತಿದ್ದಿದ ಆನೆ ಬಂತು. ‘ಹಂದಿ ರೂಪಾಯಿ’ ಎಂಬ ಹೆಸರು ಸಂಗ್ರಾಹಕರ ಬಾಯಲ್ಲಿ ಇಂದಿಗೂ ಉಳಿದಿದೆ.

ನನ್ನ ಅಂದಾಜಿನ ಲೆಕ್ಕ ಹೀಗೆ. ಆನೆಯ ಮೈಮೇಲಿನ ಝೂಲಿನ (ಬೆನ್ನಿಗೆ ಹೊದಿಸಿದ ಬಟ್ಟೆಯ) ಗೆರೆಗಳು ಎಣಿಸುವಷ್ಟು ಚೊಕ್ಕವಾಗಿದ್ದು ಮೈಯ ಹೊಳಪು ಎಲ್ಲಿಯೂ ಕಡಿಯದಿದ್ದರೆ ಚಲಾವಣೆಯನ್ನೇ ಕಾಣದ ‘ಅನ್‌ಸರ್ಕ್ಯುಲೇಟೆಡ್’. ವಿವರವೆಲ್ಲ ಇದ್ದು ಕೆನ್ನೆ, ಕಿವಿಗಳು ಮಾತ್ರ ಮಂಕಾಗಿದ್ದರೆ ‘ಎಕ್ಸ್‌ಟ್ರಾ ಫೈನ್’. ಝೂಲು ಅಳಿಸಿ ಸೊಂಡಿಲು, ಕಾಲುಗಳು ಉಳಿದಿದ್ದರೆ ‘ವೆರಿ ಫೈನ್’. ಆನೆ ಹೋಗಿ ಉಂಡೆಯಾಗಿದ್ದರೆ ‘ಫೈನ್’. ಹೆಸರು ನೋಡಿ ಮೋಸ ಹೋಗಬೇಡಿ, ನಾಣ್ಯಲೋಕದಲ್ಲಿ ‘ಫೈನ್’ ಎಂದರೆ ಸಾಕಷ್ಟು ಸವೆದದ್ದು ಎಂದೇ ಅರ್ಥ. ದರ್ಜೆ ಕೊಡುವ ಸಂಸ್ಥೆಗಳು ನಾಣ್ಯವನ್ನಿಟ್ಟು ಮುಚ್ಚಿದ ಡಬ್ಬಿಗಳ ಮೇಲೆ ಕಾಣುವ 1ರಿಂದ 70ರವರೆಗಿನ ಅಂಕಗಳು ಅಮೆರಿಕದ ನಾಣ್ಯತಜ್ಞ ವಿಲಿಯಂ ಶೆಲ್ಡನ್ 1949ರಲ್ಲಿ ಅಮೆರಿಕದ ದೊಡ್ಡ ತಾಮ್ರದ ಸೆಂಟುಗಳಿಗಾಗಿ ಹೂಡಿದ ಪದ್ಧತಿ. ಈಗ ನಮ್ಮ ರೂಪಾಯಿಗಳಿಗೂ ಅದೇ ಅಳತೆಗೋಲು.

ಒಂದು ತೊಡಕಿದೆ. ವಿವರ ಮಂಕಾಗಿದೆ ಎಂದ ಮಾತ್ರಕ್ಕೆ ಸವೆದಿದೆ ಎನ್ನಲಾಗದು. ಅಚ್ಚು ಸರಿಯಾಗಿ ಒತ್ತದಿದ್ದರೂ ಆನೆ ಮಸುಕಾಗಿಯೇ ಹುಟ್ಟುತ್ತದೆ. ಆ ಜಾಗದ ಹೊಳಪು ಸುತ್ತಲಿನಂತೆಯೇ ಇದ್ದರೆ ದೋಷ ಅಚ್ಚಿನದು. ಅಲ್ಲಿ ಮಾತ್ರ ಬೂದುಬಣ್ಣದ ತೇಪೆ ಹಾಕಿದಂತಿದ್ದರೆ ಜನರ ಬೆರಳುಗಳದು. ಟಿಪ್ಪುವಿನ ‘ಇಮಾಮಿ’ ರೂಪಾಯಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅದರಲ್ಲಿ ಮುಖವಿಲ್ಲ, ಬರೀ ಅಕ್ಷರ. ಕೈಯಿಂದ ಸುತ್ತಿಗೆ ಹೊಡೆದು ಮುದ್ರಿಸಿದ್ದು. ಅರ್ಧ ಅಕ್ಷರ ನಾಣ್ಯದ ಆಚೆಗೆ ಬಿದ್ದಿದ್ದರೆ ಅದು ಸವೆತವಲ್ಲ.

ತಿಕ್ಕಿದ ಗುರುತು

ನಮ್ಮ ಕಡೆಯ ಬೆಳ್ಳಿ ರೂಪಾಯಿಗಳ ದೊಡ್ಡ ಶತ್ರು ಸಂತೆಯಲ್ಲ, ದೇವರ ಮನೆ. ವರ್ಷಕ್ಕೊಮ್ಮೆ ಲಕ್ಷ್ಮೀಪೂಜೆಗೆ ಹುಣಸೆಹಣ್ಣು, ಒಲೆಯ ಬೂದಿ, ಈಚೆಗೆ ಟೂತ್‌ಪೇಸ್ಟ್ ಹಾಕಿ ಫಳಫಳ ಎನ್ನುವಂತೆ ಉಜ್ಜುತ್ತೇವೆ. ಹುಣಸೆಯ ಹುಳಿ ಕಪ್ಪನ್ನು ತಿನ್ನುತ್ತದೆ, ಬೂದಿ ಲೋಹವನ್ನೇ ಗೀರುತ್ತದೆ. ಇಂಥ ನಾಣ್ಯ ಫೋಟೊದಲ್ಲಿ ಸ್ಟೀಲ್ ಲೋಟದಂತೆ ಒಂದೇ ಸಮನೆ ಬೆಳ್ಳಗಿರುತ್ತದೆ, ಅಕ್ಷರಗಳ ಸಂದಿಗಳಲ್ಲಿ ಮಾತ್ರ ಕಪ್ಪು ಉಳಿದಿರುತ್ತದೆ. ಕೆಲವೊಮ್ಮೆ ಆ ಸಂದಿಯಲ್ಲಿ ಕುಂಕುಮದ ಕೆಂಪು ಕಾಣುತ್ತದೆ. ಆಗ ಹೆಚ್ಚಿನ ತನಿಖೆ ಬೇಡ.

ಚಿತ್ರವನ್ನು ಹಿಗ್ಗಿಸಿ ರಾಜನ ಮುಖದ ಮುಂದಿನ ಖಾಲಿ ಜಾಗ ನೋಡಿ. ಒಂದೇ ದಿಕ್ಕಿಗೆ, ಇಲ್ಲವೇ ಬೆರಳು ತಿರುಗಿದಂತೆ ಸುತ್ತಸುತ್ತಲಾಗಿ ಸಣ್ಣ ಗೆರೆಗಳಿದ್ದರೆ ಉಜ್ಜಿದ್ದಾರೆ. ಟಂಕಸಾಲೆಯಲ್ಲಿ ಅಚ್ಚಿಗೆ ಪಾಲಿಶ್ ಹಿಡಿದಾಗಲೂ ಗೆರೆಗಳು ಬೀಳುತ್ತವೆ. ಆದರೆ ಅವು ನಾಣ್ಯದಲ್ಲಿ ಉಬ್ಬಿರುತ್ತವೆ, ಅಕ್ಷರದ ಬುಡಕ್ಕೆ ಬಂದು ನಿಂತುಬಿಡುತ್ತವೆ. ಅಕ್ಷರದ ಮೇಲೆ ಹತ್ತಿ ಇಳಿದ ಗೆರೆ ಮನೆಯಲ್ಲಿ ಬಿದ್ದದ್ದು.

ಉಜ್ಜದ ಬೆಳ್ಳಿ ಗಾಳಿಯಲ್ಲಿನ ಗಂಧಕದೊಡನೆ ಕೂಡಿ ನಿಧಾನವಾಗಿ ಬಣ್ಣಗಟ್ಟುತ್ತದೆ. ಸಾಮಾನ್ಯವಾಗಿ ಅಂಚಿನಿಂದ ಒಳಗೆ: ತಿಳಿ ಹೊಂಬಣ್ಣ, ಕಂದು, ಆಮೇಲೆ ನೀಲಿ. ಒಂದು ಬಣ್ಣ ಇನ್ನೊಂದರೊಳಗೆ ಕರಗಿರಬೇಕು. ನವಿಲುಗರಿಯಂತೆ ಗಾಢ ನೀಲಿ, ನೇರಳೆಗಳು ಪಟ್ಟೆಪಟ್ಟೆಯಾಗಿ, ಅದೂ ಗೀರುಗಳ ಮೇಲೆಯೇ ಕೂತಿದ್ದರೆ ಯಾರೋ ರಾಸಾಯನಿಕ ಹಚ್ಚಿರುವ ಅನುಮಾನ ಬರಬೇಕು. ಮಂಕು ಬೂದುಬಣ್ಣದ ನಾಣ್ಯವನ್ನು ಹೊಸಬರು ಬಿಟ್ಟು ಹೋಗುತ್ತಾರೆ. ನಾನು ಈಗ ಅದನ್ನೇ ಮೊದಲು ಕೈಗೆತ್ತಿಕೊಳ್ಳುತ್ತೇನೆ.

ಹುಟ್ಟಿನ ಹೊಳಪು ಉಳಿದಿದೆಯೇ ಎಂಬುದನ್ನು ನಿಂತ ಚಿತ್ರ ಹೇಳಲಾರದು. ನಾಣ್ಯವನ್ನು ಬೆಳಕಿನ ಕೆಳಗೆ ಮೆಲ್ಲನೆ ಓಲಾಡಿಸುವ ಹತ್ತು ಸೆಕೆಂಡಿನ ವಿಡಿಯೊ ಕೇಳಿ. ಅಚ್ಚೊತ್ತಿದಾಗಿನ ಹೊಳಪಾದರೆ ಗಾಡಿಯ ಚಕ್ರದ ಅರಗಳಂತೆ ಬೆಳಕಿನ ಪಟ್ಟಿಗಳು ಮೈಮೇಲೆ ತಿರುಗುತ್ತವೆ. ಪಾಲಿಶ್ ಮಾಡಿದ ನಾಣ್ಯ ಒಮ್ಮೆ ಮಿಂಚಿ ಆರಿಹೋಗುತ್ತದೆ.

ಅಂಚು, ಇಸವಿ, ತಕ್ಕಡಿ

ಅಂಚಿನ ಚಿತ್ರವನ್ನು ಯಾರೂ ತಾವಾಗಿ ಕೊಡುವುದಿಲ್ಲ, ಕೇಳಿಯೇ ಪಡೆಯಬೇಕು. ನೆತ್ತಿಯ ನೇರಕ್ಕೆ ಅಂಚಿನ ಹಲ್ಲುಗಳು ಮಾಯವಾಗಿದ್ದರೆ ಅಥವಾ ಅಲ್ಲಿ ಬೇರೆ ಬಣ್ಣದ ಲೋಹ ಕಂಡರೆ ಕೊಂಡಿ ಕಿತ್ತ ಜಾಗ ಅದು. ಅಂಚಿನ ಸುತ್ತ ನಡುವೆ ಗೆರೆ ಹಾದಿದ್ದರೆ ಎರಕ ಹೊಯ್ದ ನಕಲಿ. ಅಂಥದರ ಮೈ ಮರಳು ಮರಳಾಗಿಯೂ ಇರುತ್ತದೆ. ನಾಣ್ಯದ ಮೈಮೇಲೆ ಚುಕ್ಕಿ, ನಕ್ಷತ್ರದಂಥ ಚಿಕ್ಕ ಒತ್ತುಗುರುತುಗಳಿದ್ದರೆ ಸರಾಫರು (ಹಣ ಬದಲಿಸುವ ವ್ಯಾಪಾರಿಗಳು) ಬೆಳ್ಳಿ ಪರೀಕ್ಷಿಸಿದ್ದು. ನನಗೆ ಅವು ಇಷ್ಟ, ಮಾರುಕಟ್ಟೆಗೆ ಇಷ್ಟವಿಲ್ಲ.

ಅಪರೂಪದ ಇಸವಿಯಾದರೆ ಅಂಕಿಗಳನ್ನು ಒಂದೊಂದಾಗಿ ಹಿಗ್ಗಿಸಿ. ಆರನೇ ಜಾರ್ಜ್‌ನ 1939ರ ರೂಪಾಯಿ ಬಲು ವಿರಳ, ಅದಕ್ಕೇ ಅಂಕಿ ತಿದ್ದಿದ ನಕಲಿಗಳೂ ಬಹಳ. ಕೊನೆಯ 9ರ ಸುತ್ತಲಿನ ಲೋಹ ಕೆರೆದಂತಿದೆಯೇ, ಅದು ಎರಡನೆಯ ಅಂಕಿಯಾದ 9ಕ್ಕೆ ಹೋಲುತ್ತದೆಯೇ ನೋಡಿ. ಐದನೇ ಜಾರ್ಜ್ ರೂಪಾಯಿಯ ಹಿಂಬದಿಯಲ್ಲಿ ಕೆಳಗಿನ ಕಮಲದ ಕೆಳಗೆ ಉಬ್ಬಿದ ಚುಕ್ಕಿ ಇದ್ದರೆ ಬಾಂಬೆ ಟಂಕಸಾಲೆ, ಇಲ್ಲದಿದ್ದರೆ ಕಲ್ಕತ್ತ. ಒಳ್ಳೆಯ ಫೋಟೊದಲ್ಲಿ ಆ ಚುಕ್ಕಿ ಕಾಣಲೇಬೇಕು.

ಕೊನೆಗೆ, ನಾಣ್ಯ ಡಿಜಿಟಲ್ ತಕ್ಕಡಿಯ ಮೇಲಿರುವ ಚಿತ್ರ ಕೇಳಿ. ಬರಬೇಕಾದದ್ದು 11.66 ಗ್ರಾಂ, ಸವೆದಿದ್ದರೆ ತುಸು ಕಡಿಮೆ. ಅದರಲ್ಲಿ ಶೇ 91.7ರಷ್ಟು ಬೆಳ್ಳಿ, ಅಂದರೆ 10.69 ಗ್ರಾಂ. 1940ರಿಂದ ಬೆಳ್ಳಿಯ ಪಾಲು ಅರ್ಧಕ್ಕೆ ಇಳಿಯಿತು, 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ನಿಕ್ಕಲ್. ನಾಣ್ಯದಲ್ಲಿರುವ ಬೆಳ್ಳಿಯ ತೂಕವನ್ನು ಕೊಳ್ಳುವ ದಿನದ ಬೆಳ್ಳಿ ದರದಿಂದ ಗುಣಿಸಿದರೆ ನಾಣ್ಯದ ತಳದ ಬೆಲೆ ಸಿಕ್ಕಿತು. ಅದರ ಮೇಲೆ ಕೊಡುವ ಪ್ರತಿ ರೂಪಾಯಿಯೂ ಸ್ಥಿತಿಗೆ ಮತ್ತು ಇಸವಿಗೆ ಕೊಡುವ ಹಣ.

ನನ್ನ 1918ರ ನಾಣ್ಯಕ್ಕೆ ಈ ಲೆಕ್ಕ ಹಾಕಿದಾಗ ಉಳಿದದ್ದು ತಳದ ಬೆಲೆ ಮಾತ್ರ. ಈಗ ಅದು ದೇವರ ಮನೆಯಲ್ಲಿದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅದಕ್ಕೆ ಹುಣಸೆಹಣ್ಣಿನ ಸ್ನಾನವಾಗುತ್ತದೆ. ನಾನು ನೋಡಿಯೂ ಸುಮ್ಮನಿರುತ್ತೇನೆ.