ಮಳೆಗಾಲದಲ್ಲಿ ಮುಧೋಳ ನಾಯಿ ಜತೆ ಚಿಕ್ಕಮಗಳೂರಿಗೆ

ನಾಯಿ ಕರಕೊಂಡು ಬೆಟ್ಟಕ್ಕೆ ಹೋಗುವುದಾದರೆ ಜುಲೈ, ಆಗಸ್ಟ್ ತಿಂಗಳ ವಾರದ ದಿನಗಳೇ ಸರಿ. ನಾವು ಬಳ್ಳಾರಿಯವರು. ಏಪ್ರಿಲ್, ಮೇನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟಿತು ಅಂದರೆ ಎಲ್ಲರೂ ಮಲೆನಾಡಿಗೆ ಹೊರಡುತ್ತಾರೆ. ಆ ಗದ್ದಲದಲ್ಲಿ ನಾಯಿ ಅಂದ ಕೂಡಲೇ ಹೋಮ್‌ಸ್ಟೇಯವರು ಆಗಲ್ಲ ಅಂತಾರೆ. ಮಳೆ ಹಿಡಿದ ಮೇಲೆ ರೂಮು ಖಾಲಿ, ಬಾಡಿಗೆಯೂ ಕಡಿಮೆ. ಇನ್ನೊಂದು ಕಾರಣವೂ ಇದೆ. ಉಣುಗಿನಿಂದ ಬರುವ ಮಂಗನ ಕಾಯಿಲೆ ಆ ಕಡೆ ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಕಾಡಂಚಿನಲ್ಲಿ ಅಡ್ಡಾಡಿದ ನಾಯಿ ಉಣುಗನ್ನು ನೇರ ಹಾಸಿಗೆಗೇ ತರುತ್ತದೆ. ಜೋರು ಮಳೆಯಲ್ಲಿ ಆ ಭಯ ಕಡಿಮೆ.

ನಮ್ಮ ಗಂಗಿ ಮುಧೋಳ ತಳಿ. ತೆಳು ಚರ್ಮ, ಗಿಡ್ಡ ಕೂದಲು, ಮೈಯಲ್ಲಿ ಕೊಬ್ಬೇ ಇಲ್ಲ. ನಮ್ಮ ಬಿಸಿಲನ್ನು ತಡೆದುಕೊಳ್ಳುತ್ತಾಳೆ, ಒದ್ದೆ ಚಳಿ ಮಾತ್ರ ಆಗುವುದಿಲ್ಲ. ಹಾಗಾಗಿ ತಯಾರಿ ಒಂದು ತಿಂಗಳು ಮೊದಲೇ ಶುರು. ಇಲಿ ಜ್ವರದ ಲಸಿಕೆ ಮೊದಲ ಸಲ ಹಾಕಿಸುವವರು ಕೆಲವು ವಾರ ಬಿಟ್ಟು ಎರಡನೇ ಡೋಸನ್ನೂ ಹಾಕಿಸಬೇಕು. ಮಳೆನೀರು ನಿಂತ ಜಾಗಕ್ಕೆ ಇದಿಲ್ಲದೆ ನಾನಂತೂ ಕರಕೊಂಡು ಹೋಗುವುದಿಲ್ಲ. ರೇಬಿಸ್ ಲಸಿಕೆಯ ಚೀಟಿ, ಉಣುಗಿನ ಔಷಧಿ, ರೇನ್‌ಕೋಟು, ಹಳೇ ಕಾಟನ್ ಪಂಚೆಗಳು, ನೆಲದ ತಂಪು ತಾಗದಂಥ ದಪ್ಪ ಹಾಸು. ಊಟಕ್ಕೆ ಖಡಕ್ ರೊಟ್ಟಿ. ಹೊಸ ಜಾಗದಲ್ಲಿ ಹೊಸ ಊಟ ಕೊಟ್ಟರೆ ಹೊಟ್ಟೆ ಕೆಡುತ್ತದೆ. ಆದರೆ ಅಲ್ಲಿನ ಗಾಳಿಗೆ ರೊಟ್ಟಿ ಒಂದೇ ರಾತ್ರಿಗೆ ಮೆತ್ತಗಾಗುತ್ತದೆ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೇ ಬೇಕು.

ರೂಮು ಬುಕ್ ಮಾಡುವಾಗ "ನಾಯಿ ತರಬಹುದಾ?" ಅಂತ ಕೇಳಿದರೆ ಸಾಲದು. "ನಿಮ್ಮ ಮನೆ ನಾಯಿಗಳನ್ನು ಕಟ್ಟಿ ಹಾಕ್ತೀರಾ? ತೋಟದಲ್ಲಿ ಹಂದಿಗೆ ಉರುಳು ಇಟ್ಟಿದ್ದಾರಾ? ಅಡಿಕೆಗೆ ಔಷಧಿ ಹೊಡೆಯೋದು ಯಾವಾಗ?" ಇಷ್ಟೂ ಕೇಳಬೇಕು. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಅಂದರೆ ಮೈಲುತುತ್ತು, ಸುಣ್ಣ. ಅದು ಬಿದ್ದ ಹುಲ್ಲಲ್ಲಿ ಓಡಾಡಿ ನಾಯಿ ಪಾದ ನೆಕ್ಕಿಕೊಂಡರೆ ಕಷ್ಟ. ಒಬ್ಬ ಯಜಮಾನರು, "ಮೊದಲು ನಮ್ಮನೆ ನಾಯಿ ಹತ್ರ ಕೇಳ್ಬೇಕು ಮಾರಾಯ್ರೆ" ಅಂತ ನಕ್ಕು, ಒಂದೊಂದಕ್ಕೂ ಸರಿಯಾಗಿ ಉತ್ತರ ಕೊಟ್ಟರು. ಅವರಲ್ಲೇ ಉಳಿದೆವು.

ಚಳ್ಳಕೆರೆ, ಚಿತ್ರದುರ್ಗ, ಹೊಸದುರ್ಗ, ಕಡೂರು ನಮ್ಮ ದಾರಿ. ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲೇ ಗಂಗಿಯನ್ನು ಕೂರಿಸುತ್ತೇವೆ, ಎರಡು ತಾಸಿಗೊಮ್ಮೆ ಇಳಿಸಿ ನೀರು ಕೊಡುತ್ತೇವೆ. ಮುತ್ತೋಡಿ ಕಡೆ ಹೋಗುವುದಿಲ್ಲ. ಅದು ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಸಾಕುನಾಯಿಗೆ ಪ್ರವೇಶವಿಲ್ಲ. ಇರಲೂಬಾರದು, ನಾಯಿಯ ರೋಗ ಕಾಡುಪ್ರಾಣಿಗೆ ಅಂಟುತ್ತದೆ. ಮಳೆ ಜೋರಾದರೆ ಗುಡ್ಡ ಕುಸಿಯುತ್ತದೆ, ಮುಳ್ಳಯ್ಯನಗಿರಿ ಕಡೆಗೂ ಆ ದಿನ ಬೇಡ. ತೋಟದ ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಅವಳಿಗೆ ಅದೇ ಹಬ್ಬ. ಬೆಲ್ಟ್ ಮಾತ್ರ ಕೈಬಿಡುವುದಿಲ್ಲ. ಮುಧೋಳ ನಾಯಿ ಕಣ್ಣಿಗೆ ಮೊಲ ಬಿತ್ತೋ, ಕೂಗಿದರೂ ತಿರುಗಲ್ಲ.

ಇನ್ನು ಇಂಬಳ, ಅಂದರೆ ಜಿಗಣೆ. ಬಯಲುಸೀಮೆಯವರಿಗೆ ಇದರ ಅಂದಾಜೇ ಇರುವುದಿಲ್ಲ. ವಾಪಸು ಬಂದ ಕೂಡಲೇ ಗಂಗಿಯನ್ನು ಮಲಗಿಸಿ ಬೆರಳಿನ ಸಂದು, ಕಿವಿಯ ಮಡಿಕೆ, ತೊಡೆಯ ಸಂದು ನೋಡುತ್ತೇನೆ. ದಾರದಷ್ಟು ಸಣ್ಣಗಿದ್ದದ್ದು ರಕ್ತ ಕುಡಿದು ದ್ರಾಕ್ಷಿಯಂತೆ ಊದಿರುತ್ತದೆ. ಎಳೆದು ಕೀಳಬಾರದು. ಬಾಯಿ ಕಚ್ಚಿದ ಕಡೆ ಉಗುರಿನಿಂದ ಮೆಲ್ಲಗೆ ಸರಿಸಿದರೆ ಬಿಡುತ್ತದೆ. ಆಮೇಲೂ ರಕ್ತ ಹರಿಯುತ್ತಲೇ ಇರುತ್ತದೆ, ಯಾಕಂದರೆ ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿದೆ. ಹತ್ತಿ ಒತ್ತಿ ಹಿಡಿದರೆ ಸಾಕು. ಹಳ್ಳದ ನೀರಿಗೆ ಬಾಯಿ ಹಾಕಲು ಬಿಡಬೇಡಿ, ಇಂಬಳ ಮೂಗಿನೊಳಗೇ ಹೊಕ್ಕುತ್ತದೆ. ಒಂದೇ ಹೊಳ್ಳೆಯಿಂದ ರಕ್ತ ಬಂದು, ನಾಯಿ ಸುಮ್ನೆ ಸೀನುತ್ತಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು.

ಬಳ್ಳಾರಿಗೆ ಬಂದ ಮೇಲೆ ಮೂರು ವಾರ ಅವಳ ಮೇಲೆ ಕಣ್ಣಿಟ್ಟಿರುತ್ತೇನೆ. ಊಟ ಬಿಟ್ಟರೆ, ಜ್ವರ ಬಂದರೆ, ಒಸಡು ಬಿಳಿಚಿದರೆ ಉಣುಗಿನ ಜ್ವರವಿರಬಹುದು. ಆಗ ಡಾಕ್ಟರಿಗೆ ಮಲೆನಾಡಿಗೆ ಹೋಗಿದ್ದನ್ನು ಮೊದಲೇ ಹೇಳಿ, ರಕ್ತ ಪರೀಕ್ಷೆ ಮಾಡಿಸುತ್ತೇನೆ.