ಚೌಕಿಯ ಬಾಗಿಲು ತೆರೆದಿಟ್ಟ ಮೇಲೆ

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಹಾಲ್. ಕೇಕು ಕತ್ತರಿಸುವ ಮುಂಚೆ ಜೋಕರ್ ವೇಷದಲ್ಲಿ ನನ್ನ ಪ್ರವೇಶ. ಏಳು ಬಣ್ಣದ ವಿಗ್, ಸ್ಪಂಜಿನ ಕೆಂಪು ಮೂಗು, ಮುಖದ ತುಂಬ ಬಿಳಿ, ಮೈಕಿನಲ್ಲಿ ಜೋರಾಗಿ ‘ಹಲೋ ಕಿಡ್ಸ್’. ಹುಟ್ಟುಹಬ್ಬದ ಹುಡುಗಿಗೆ ಅವತ್ತು ಎರಡು ತುಂಬಿತ್ತು. ನನ್ನನ್ನು ನೋಡಿದ್ದೇ ಉಸಿರುಗಟ್ಟಿ ಅತ್ತಳು. ಅಜ್ಜಿ ಅವಳನ್ನು ಎತ್ತಿಕೊಂಡು ಒಳಕೋಣೆಗೆ ಹೋದರು. ನಾನು ಹೊರಡುವವರೆಗೂ ಮಗು ಈಚೆ ಬರಲಿಲ್ಲ. ಮನೆಯವರು ಒಂದು ಮಾತೂ ಆಡದೆ ಪೂರ್ತಿ ಹಣ ಕೊಟ್ಟರು. ಆ ಹಣ ಮುಟ್ಟಲು ನನಗೆ ಒಂದು ವಾರ ಬೇಕಾಯಿತು.

ಅಲ್ಲಿಯವರೆಗೆ ನಾನು ಮಾಡುತ್ತಿದ್ದದ್ದೆಲ್ಲ ಮೊಬೈಲಿನಲ್ಲಿ ನೋಡಿ ಕಲಿತದ್ದು. ನಡಿಗೆ, ನಗು, ಜೋಕು ಯಾವುದೂ ನನ್ನದಲ್ಲ. ಆ ಬಿಳಿ ಮುಖ ಎಲ್ಲಿಂದ ಬಂತು ಎಂದು ಆಮೇಲೆ ಹುಡುಕಿ ಓದಿದೆ. 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ದೊಡ್ಡ ದೊಡ್ಡ ರಂಗಮಂದಿರಗಳಲ್ಲಿ ಆಡುತ್ತಿದ್ದ ಜೋಸೆಫ್ ಗ್ರಿಮಾಲ್ಡಿ ಎಂಬ ವಿದೂಷಕ ಮುಖಕ್ಕೆ ಬಿಳಿ ಬಳಿದು, ಕೆನ್ನೆಯ ಮೇಲೆ ಕೆಂಪು ತ್ರಿಕೋನ ಬರೆದುಕೊಳ್ಳುತ್ತಿದ್ದರಂತೆ. ವಿದ್ಯುತ್ ದೀಪ ಇಲ್ಲದ ಕಾಲ, ಸಾವಿರಾರು ಜನ ಕೂರುವ ಜಾಗ. ಕೊನೆಯ ಸಾಲಿಗೂ ಕಾಣುವ ಮುಖ ಅದು. ಅದನ್ನೇ ನಾನು ಟ್ಯೂಬ್‌ಲೈಟಿನ ಕೆಳಗೆ, ಮೂರಡಿ ದೂರದ ಮಗುವಿನ ಮುಂದೆ ತಂದಿಟ್ಟಿದ್ದೆ. ಎರಡು ವರ್ಷದ ಮಗು ಎದುರಿನವರ ಹುಬ್ಬು, ಕೆನ್ನೆ, ತುಟಿ ನೋಡಿಯೇ ಇವರು ನಮ್ಮವರೋ ಅಲ್ಲವೋ ಎಂದು ತೀರ್ಮಾನಿಸುತ್ತದೆ. ಅದನ್ನೆಲ್ಲ ನಾನು ಬಣ್ಣದಲ್ಲಿ ಮುಚ್ಚಿಬಿಟ್ಟಿದ್ದೆ.

ಆಗ ನೆನಪಾದದ್ದು ನಮ್ಮೂರಿನ ಯಕ್ಷಗಾನದ ಚೌಕಿ. ನಾನು ಕುಂದಾಪುರದ ಕಡೆಯವನು. ಬಯಲಾಟ ಇದ್ದ ರಾತ್ರಿ ರಂಗಸ್ಥಳದ ಮುಂದೆ ಕೂತದ್ದಕ್ಕಿಂತ ವೇಷ ಕಟ್ಟುವ ಚೌಕಿಯಲ್ಲಿ ನಿಂತದ್ದೇ ಹೆಚ್ಚು. ಹಾಸ್ಯದ ವೇಷ ಮಾಡುತ್ತಿದ್ದವರು ನಮ್ಮ ಮನೆಗೆ ಬಂದು ಹೋಗುವವರೇ. ‘ಮಾಣಿ, ಕನ್ನಡಿ ಸಮ ಹಿಡಿ’ ಎನ್ನುತ್ತಿದ್ದರು. ಕೈ ನೋಯುವವರೆಗೆ ಹಿಡಿಯುತ್ತಿದ್ದೆ. ನೋಡನೋಡುತ್ತ ಆ ಮುಖ ಬೇರೆಯಾಗುತ್ತಿತ್ತು, ಆದರೂ ಒಳಗಿರುವವರು ಅವರೇ ಎಂದು ನನಗೆ ಗೊತ್ತಿರುತ್ತಿತ್ತು. ಬಣ್ಣದ ವೇಷದ ರಕ್ಕಸರನ್ನು ಕಂಡರೂ ನನಗೆ ಹೆದರಿಕೆಯಾಗದಿದ್ದದ್ದು ಇದರಿಂದಲೇ.

ಈಗ ನಾನು ಬರುವುದು ಬರೀ ಮುಖದಲ್ಲಿ, ಕೈಯಲ್ಲೊಂದು ಹಳೆಯ ಟ್ರಂಕು. ಮಕ್ಕಳಿಂದ ಆರೇಳು ಅಡಿ ದೂರದಲ್ಲಿ ನೆಲದ ಮೇಲೆ ಕೂತು, ಯಾರನ್ನೂ ಮಾತಾಡಿಸದೆ ಟ್ರಂಕು ತೆರೆಯುತ್ತೇನೆ. ಕನ್ನಡಿ ನಿಲ್ಲಿಸಲು ನೋಡುತ್ತೇನೆ, ಅದು ಜಾರುತ್ತದೆ. ಮತ್ತೆ ನಿಲ್ಲಿಸುತ್ತೇನೆ, ಮತ್ತೆ ಜಾರುತ್ತದೆ. ಮೂರನೇ ಸಲಕ್ಕೆ ಯಾರಾದರೊಂದು ಮಗು ಎದ್ದು ಬಂದು ಹಿಡಿದುಕೊಳ್ಳುತ್ತದೆ. ಕರೆಯಬಾರದು, ತಾನಾಗಿ ಬರಬೇಕು. ಒಮ್ಮೊಮ್ಮೆ ಎರಡು ನಿಮಿಷ ಕಾಯಬೇಕಾಗುತ್ತದೆ. ಆ ಮೌನಕ್ಕೆ ದೊಡ್ಡವರು ಚಡಪಡಿಸುತ್ತಾರೆ, ಮಕ್ಕಳಲ್ಲ.

ಬಣ್ಣ ಕಣ್ಣಿನ ಸುತ್ತ, ಬಾಯಿಯ ಸುತ್ತ ಮಾತ್ರ. ಉಳಿದದ್ದು ನನ್ನದೇ ಚರ್ಮ. ಸರ್ಕಸ್ಸಿನ ಆಗಸ್ಟ್ ಎಂಬ ಪೆದ್ದ ವಿದೂಷಕನ ಮುಖವೂ ಹೆಚ್ಚುಕಡಿಮೆ ಹೀಗೇ ಎಂದು ಆಮೇಲೆ ತಿಳಿಯಿತು. ಇನ್ನೊಂದು ಮಾತು: ಹಿಂದೆ ಚೌಕಿಯಲ್ಲಿ ಬಳಸುತ್ತಿದ್ದ ಅರದಾಳ ಎಂಬ ಹಳದಿ ಬಣ್ಣದಲ್ಲಿ ಆರ್ಸೆನಿಕ್ ಇದೆ, ಇಂಗಳೀಕ ಎಂಬ ಕೆಂಪಿನಲ್ಲಿ ಪಾದರಸ. ಹಳೆಯದರ ಮೇಲೆ ನನಗೆ ಎಷ್ಟೇ ಪ್ರೀತಿ ಇದ್ದರೂ ಅವು ನನ್ನ ಟ್ರಂಕಿನಲ್ಲಿ ಇಲ್ಲ. ಮಕ್ಕಳ ಬೆರಳು ತಾಗುವ ಜಾಗ ಅದು. ನೀರಿನಲ್ಲಿ ತೊಳೆದರೆ ಹೋಗುವ ಫೇಸ್ ಪೇಂಟ್ ಸಾಕು.

ನನ್ನ ಪಾತ್ರ ಸಿಕ್ಕಿದ್ದೂ ಆ ಚೌಕಿಯಿಂದಲೇ. ಹಾಸ್ಯಗಾರ ಒಂದೇ ರಾತ್ರಿಯಲ್ಲಿ ದೂತ, ಮುದುಕಿ, ಅಂಬಿಗ ಎಲ್ಲ ಆಗುತ್ತಾನೆ. ರಾಜರು ಗ್ರಂಥಸ್ಥ ಕನ್ನಡದಲ್ಲಿ ಅರ್ಥ, ಅಂದರೆ ತಮ್ಮ ಮಾತು, ಹೇಳುವಾಗ ಅವನೊಬ್ಬ ನಮ್ಮ ಮನೆಮಾತು ಆಡುತ್ತಾನೆ. ನಾನು ದೂತನನ್ನು ಆರಿಸಿಕೊಂಡೆ. ಹುಟ್ಟುಹಬ್ಬದ ಮಗುವಿಗೆ ಕಾಗದ ತಂದು, ಅದನ್ನು ಎಲ್ಲಿಟ್ಟೆ ಎಂಬುದನ್ನೇ ಮರೆತ ದೂತ. ‘ಹ್ವಾಯ್, ಒಂದ್ ಕಾಗ್ದ ತಂದಿದ್ದೆ ಮರಾಯ್ರೆ, ಎಲ್ ಹೋಯ್ತ್ ಕಾಣಿ!’ ಕಾಗದ ಬೆನ್ನಿಗೇ ಅಂಟಿರುತ್ತದೆ. ಕನ್ನಡವೇ ಬಾರದ ಮಕ್ಕಳೂ ಇರುತ್ತಾರೆ, ಆದರೆ ಆ ರಾಗ ಎಲ್ಲರಿಗೂ ಅರ್ಥವಾಗುತ್ತದೆ. ‘ಹಿಂದೆ! ಹಿಂದೆ!’ ಎಂದು ಕೂಗುತ್ತಾರೆ. ನಾನು ತಿರುಗಿದರೆ ಬೆನ್ನೂ ತಿರುಗುತ್ತದೆ. ನಾಲ್ಕರಿಂದ ಏಳು ವರ್ಷದವರಿಗೆ ಇದಕ್ಕಿಂತ ದೊಡ್ಡ ಸಂತೋಷ ನಾನು ಕಂಡಿಲ್ಲ. ತಮಗೆ ಗೊತ್ತಿರುವುದು ದೊಡ್ಡವರಿಗೆ ಗೊತ್ತಿಲ್ಲವಲ್ಲ! ಕಾಗದದಲ್ಲಿರುವುದು ಆ ಮಗುವಿನ ತಾಯಿಯೋ ಅಜ್ಜನೋ ಮೊದಲೇ ಬರೆದುಕೊಟ್ಟ ಎರಡು ಸಾಲು. ಓದುವಾಗ ನಾನು ನಟಿಸುವುದಿಲ್ಲ.

ಬಲೂನು ತಿರುಚಿ ಗೊಂಬೆ ಮಾಡಿಕೊಡುವುದನ್ನು ಬಿಟ್ಟಿಲ್ಲ. ನಾವು 260 ಎನ್ನುವ, ಊದಿದರೆ 2 ಇಂಚು ದಪ್ಪ, 60 ಇಂಚು ಉದ್ದವಾಗುವ ಬಲೂನು. 25 ಮಕ್ಕಳಿಗೆ ತಲಾ ಒಂದು ನಿಮಿಷ ಎಂದರೂ ಕೊನೆಯ ಮಗು 25 ನಿಮಿಷ ಸಾಲಿನಲ್ಲಿ ನಿಲ್ಲಬೇಕು. ಅದಕ್ಕೇ ಆಟದ ನಡುವೆ ಬೇಡ, ಊಟದ ಹೊತ್ತಿಗೆ ಬಾಗಿಲ ಬಳಿ.

‘ವಿಗ್ ಇಲ್ಲದ ಜೋಕರ್ ಫೋಟೋದಲ್ಲಿ ಚೆನ್ನಾಗಿ ಬರಲ್ಲ’ ಎಂದು ಕೆಲವು ಈವೆಂಟಿನವರು ಕರೆಯುವುದನ್ನೇ ನಿಲ್ಲಿಸಿದರು. ಒಂದು ವರ್ಷ ಕಷ್ಟವಾಯಿತು. ಹಳೆಯ ವೇಷಕ್ಕೆ ಮರಳಲು ಮನಸ್ಸು ಒಪ್ಪಲಿಲ್ಲ. ಆಮೇಲೆ ಒಂದು ಮನೆಯವರು ಇನ್ನೊಂದು ಮನೆಗೆ ಹೇಳಿ ಕೆಲಸ ಬರತೊಡಗಿತು.

ಸ್ಪಂಜಿನ ಮೂಗೂ ಈಗಿಲ್ಲ. ಕಳೆದ ವರ್ಷ ಒಂದು ಮನೆಯಲ್ಲಿ ಮೂರು ವರ್ಷದ ಹುಡುಗಿ ಅಜ್ಜಿಯ ಸೆರಗಿನ ಹಿಂದೆಯೇ ನಿಂತಿದ್ದಳು. ನಾನು ಕಣ್ಣು ಬರೆದುಕೊಂಡೆ, ಬಾಯಿ ಬರೆದುಕೊಂಡೆ, ಕೆಂಪಿನ ಡಬ್ಬಿಯ ಮುಚ್ಚಳ ತೆಗೆದು ನೆಲದ ಮೇಲಿಟ್ಟು ಸುಮ್ಮನೆ ಕೂತೆ. ಅವಳು ಬಂದಳು. ಒಂದು ಬೆರಳು ಅದ್ದಿ ನನ್ನ ಮೂಗಿನ ತುದಿಗೆ ಒತ್ತಿದಳು. ಆಮೇಲೆ ತನ್ನ ಮೂಗಿಗೂ. ಅವತ್ತಿನಿಂದ ಮೂಗಿನ ಚುಕ್ಕೆಯನ್ನು ನಾನು ಇಟ್ಟುಕೊಳ್ಳುವುದಿಲ್ಲ.