ಚಿಲಕ ತೆಗೆಯುವ ನಾಯಿಗೆ ಕ್ರೇಟು ಒಗ್ಗಿಸಿದ ಬಗೆ

ನಮ್ಮ ನಾಯಿ ಕೆಂಚ ಕ್ರೇಟಿಗೆ, ಅಂದರೆ ನಾಯಿಯನ್ನು ಮಲಗಿಸುವ ಬಾಗಿಲಿನ ಪಂಜರಕ್ಕೆ, ಒಗ್ಗಲು ಏಳು ತಿಂಗಳು ಹಿಡಿಯಿತು. ಖರ್ಚು, ನೆನಪಿನ ಲೆಕ್ಕದಲ್ಲಿ, 14 ಸಾವಿರದ ಆಸುಪಾಸು. ಇದಕ್ಕೂ ಮೊದಲು ಬೀದಿಯಿಂದ ತಂದು ಸಾಕಿದ ನಾಲ್ಕು ನಾಯಿಗಳಲ್ಲಿ ಎರಡನ್ನು ನಾನು ಹದಿನೈದೇ ದಿನದಲ್ಲಿ ಕ್ರೇಟಿಗೆ ಒಗ್ಗಿಸಿದ್ದರಿಂದ ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆ ಎಂಬ ಜಂಬವಿತ್ತು. ಕೆಂಚ ಅದನ್ನು ನಾಲ್ಕೇ ದಿನದಲ್ಲಿ ಇಳಿಸಿದ. ಊಟವನ್ನು ಒಳಗೇ ಇಡುವುದು, ಮೊದಮೊದಲು ಬಾಗಿಲು ತೆರೆದೇ ಬಿಡುವುದು, ಶಿಕ್ಷೆಗೆಂದು ಎಂದೂ ಕೂಡಿಹಾಕದಿರುವುದು, ಒಳಗೆ ಬಿಡುವಾಗ ಕೊರಳ ಬೆಲ್ಟು ಬಿಚ್ಚುವುದು, ಇವೆಲ್ಲ ನಾಯಿ ಸಾಕಿದವರಿಗೆ ಗೊತ್ತಿರುವ ಸಂಗತಿಗಳಾದ್ದರಿಂದ ಅವುಗಳ ಗೊಡವೆಗೆ ಹೋಗುವುದಿಲ್ಲ. ಇಷ್ಟೆಲ್ಲವನ್ನು ಸರಿಯಾಗಿ ಮಾಡಿಯೂ ನಾನು ಎಲ್ಲಿ ಎಡವಿದೆ ಎಂಬುದನ್ನಷ್ಟೇ ಬರೆಯುತ್ತೇನೆ.

ಅವನು ನಮಗೆ ಸಿಕ್ಕಿದ್ದು 2023ರ ಆಗಸ್ಟ್‌ನಲ್ಲಿ, ದಾವಣಗೆರೆಯ ಎಪಿಎಂಸಿ ಯಾರ್ಡಿನ ಬಳಿ. ಹಲ್ಲು ನೋಡಿದ ಪಶುವೈದ್ಯರು ಎಂಟೊಂಬತ್ತು ತಿಂಗಳ ಪ್ರಾಯವಿರಬೇಕು ಎಂದರು. ತೂಕ 14 ಕೆ.ಜಿ. ಇತ್ತು. ನಾವಿರುವುದು ವಿದ್ಯಾನಗರದ ಬಾಡಿಗೆ ಮನೆಯ ಮಹಡಿಯಲ್ಲಿ. ನಾನು ಶಾಲೆಗೆ, ಯಜಮಾನರು ಅಂಗಡಿಗೆ ಹೋದ ಮೇಲೆ ಅತ್ತೆಯವರೊಬ್ಬರೇ ಇರುತ್ತಾರೆ. ಅವರಿಗೆ ಮಂಡಿನೋವು, ಮೆಟ್ಟಿಲಿಗೆ ಓಡುವ ನಾಯಿಯನ್ನು ಹಿಡಿಯಲಾರರು. ಗೇಟಿಗೆ ಚೈನಿನಲ್ಲಿ ಕಟ್ಟುವುದಕ್ಕೆ ಮನೆಯ ಮಾಲೀಕರು ಒಪ್ಪಲಿಲ್ಲ, ನನಗೂ ಅದು ಬೇಕಿರಲಿಲ್ಲ. ಹೀಗಾಗಿ ಕ್ರೇಟು ಬಂತು. ಅದನ್ನು ಬಿಚ್ಚಿ ಜೋಡಿಸುತ್ತಿದ್ದಾಗಲೇ ಅತ್ತೆಯವರು, "ಏನವ್ವ, ನಾಯಿನ ಸಾಕಾಕೆ ತಂದೀಯೋ, ಜೈಲಿಗೆ ಹಾಕಾಕೆ ತಂದೀಯೋ?" ಎಂದು ಕೇಳಿದರು. ನಿಟ್ಟುವಳ್ಳಿಯಲ್ಲಿರುವ ಮೈದುನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಹದಿನೈದು ದಿನ ನೋಡ್ರಿ ಅತ್ತಿಗೆ, ಇದನ್ನ ನಾನೇ ಗುಜರಿಗೆ ಹಾಕಿ ಬರ್ತೀನಿ" ಎಂದರು.

ಮೊದಲನೆಯ ಕ್ರೇಟು 36 ಇಂಚಿನ, ಮಡಚುವಂಥ ತಂತಿಯದು. 4,200 ರೂಪಾಯಿ ಕೊಟ್ಟ ನೆನಪು. ಕೆಂಚ ಮೂರು ದಿನ ಒಳಗೇ ಉಂಡ, ಒಳಗೇ ಮಲಗಿದ. ನಾಲ್ಕನೆಯ ದಿನ ಬಾಗಿಲು ಹಾಕಿ ಅರ್ಧ ಗಂಟೆ ಹೊರಗೆ ಹೋಗಿ ಬಂದರೆ ಸೋಫಾದ ಮೇಲೆ ಇದ್ದ. ಚಿಲಕ ಸರಿಯಾಗಿ ಹಾಕಿರಲಿಲ್ಲವೇನೋ ಎಂದುಕೊಂಡು, ಮರುದಿನ ಅತ್ತೆಯವರನ್ನು ಕೆಳಗಿನ ಮನೆಯಲ್ಲಿ ಕೂರಿಸಿ, ಫ್ರಿಜ್ಜಿನ ಮೇಲೆ ಮೊಬೈಲನ್ನು ರೆಕಾರ್ಡಿಂಗಿಗೆ ಇಟ್ಟು ಹೋದೆ. ಆ ವಿಡಿಯೋವನ್ನು ನಾನು ಹತ್ತು ಸಲವಾದರೂ ನೋಡಿದ್ದೇನೆ. ನನ್ನ ಸ್ಕೂಟಿಯ ಸದ್ದು ತಿರುವು ದಾಟುವವರೆಗೆ ಕೆಂಚ ಮುಂಗಾಲುಗಳ ಮೇಲೆ ಗದ್ದವಿಟ್ಟು ಮಲಗಿಯೇ ಇದ್ದಾನೆ, ಬಲಗಿವಿ ಮಾತ್ರ ಸದ್ದಿನ ಹಿಂದೆ ಹಿಂದೆ ತಿರುಗುತ್ತಿದೆ. ಸದ್ದು ಅಡಗಿದ ಮೇಲೆ ಎದ್ದು, ಮೈಮುರಿದು, ತಂತಿಗಳ ನಡುವಿನಿಂದ ಮೂತಿಯ ತುದಿಯನ್ನು ತೂರಿಸಿ, ಚಿಲಕದ ಹಿಡಿಯನ್ನು ಮುಂದಿನ ಸಣ್ಣ ಹಲ್ಲುಗಳಲ್ಲಿ ಕಚ್ಚಿ ಮೇಲೆತ್ತಿ, ಮುಖವನ್ನು ಎಡಕ್ಕೆ ಹೊರಳಿಸುತ್ತಾನೆ. ಮೊದಲ ಸಲ ಹಿಡಿ ಜಾರುತ್ತದೆ. ಎರಡನೆಯ ಸಲ ಚಿಲಕ ಸರಿಯುತ್ತದೆ. ಆಮೇಲೆ ಅವನು ನೇರವಾಗಿ ಅಡುಗೆಮನೆಗೆ ಹೋಗಿ, ಕೆಳಗಿನ ಗೂಡಿನಲ್ಲಿದ್ದ ಎರಡು ಸೇರು ಮಂಡಕ್ಕಿಯ ಚೀಲವನ್ನು ಹರಿದು, ಅರ್ಧ ತಿಂದು ಉಳಿದದ್ದನ್ನು ಮನೆಯೆಲ್ಲ ಹರಡಿದ್ದ.

ಇಲ್ಲಿ ನಾನು ಮಾಡಿದ ತಪ್ಪು ದುಬಾರಿಯಾಯಿತು. ನಾಯಿಯ ಬುದ್ಧಿಗೆ ಎದುರಾಗಿ ಚಿಲಕದ ಬುದ್ಧಿಯನ್ನು ಹೆಚ್ಚಿಸಲು ಹೋದೆ. ಹಾರ್ಡ್‌ವೇರ್ ಅಂಗಡಿಯಲ್ಲಿ 160 ರೂಪಾಯಿಗೆ ಎರಡು ಸ್ಪ್ರಿಂಗ್ ಕೊಂಡಿಗಳನ್ನು ತಂದು ಬಾಗಿಲಿಗೆ ಸಿಕ್ಕಿಸಿ, ಈಗ ತೆಗೆ ನೋಡೋಣ ಎಂದು ಹೊರಟುಹೋದೆ. ಒಂದೂವರೆ ಗಂಟೆಯ ನಂತರ ಬಂದಾಗ ಬಾಗಿಲಿನ ಕೆಳಮೂಲೆ ಬಾಗಿತ್ತು, ತಳದ ಪ್ಲಾಸ್ಟಿಕ್ ತಟ್ಟೆಯ ಮೇಲೆ ರಕ್ತವಿತ್ತು, ಎದೆಯ ಕೂದಲೆಲ್ಲ ಜೊಲ್ಲಿನಿಂದ ತೊಯ್ದು ಅಂಟಿಕೊಂಡಿತ್ತು. ಮುಂಗಾಲಿನ ಒಂದು ಉಗುರು ಬುಡದಿಂದ ಸೀಳಿತ್ತು. ಕಟ್ಟು, ಇಂಜೆಕ್ಷನ್, ಮಾತ್ರೆ ಎಲ್ಲ ಸೇರಿ 1,100 ರೂಪಾಯಿ. ಕಟ್ಟು ಹಾಕಿದ ವೈದ್ಯರು ಮೂರು ವಾರ ಬಾಗಿಲನ್ನು ಮುಟ್ಟಲೇಬೇಡಿ ಎಂದರು. ಅತ್ತೆಯವರು ಆ ದಿನ ಏನೂ ಅನ್ನಲಿಲ್ಲ, ಅಂದಿದ್ದರೆ ಹಗುರವಾಗುತ್ತಿತ್ತು. ಚಿಲಕ ತೆರೆಯಲು ಬರುತ್ತಿದ್ದಷ್ಟು ದಿನ ಕೆಂಚನಿಗೆ ಕ್ರೇಟಿನ ಭಯವೇ ಇರಲಿಲ್ಲ ಎಂಬುದು, ಆದ್ದರಿಂದಲೇ ಅವನು ಅಷ್ಟು ಬೇಗ ಒಗ್ಗಿದಂತೆ ಕಂಡದ್ದು ಎಂಬುದು, ನನಗೆ ಆಗ ಹೊಳೆಯಿತು. ಅವನು ಕ್ರೇಟಿಗೆ ಒಗ್ಗಿರಲಿಲ್ಲ, ತೆರೆಯಬಲ್ಲ ಬಾಗಿಲಿಗೆ ಒಗ್ಗಿದ್ದ.

ಆ ಮೂರು ವಾರ ನಾನು ಅವನನ್ನು ಸುಮ್ಮನೆ ಗಮನಿಸಿದೆ. ಪರೀಕ್ಷೆಯ ಹಾಳೆ ತಿದ್ದುವವಳಿಗೆ ತಪ್ಪು ಎಲ್ಲಿ ಶುರುವಾಯಿತೆಂದು ಹುಡುಕುವ ಚಾಳಿ ಇರುತ್ತದೆ. ಸೀರೆಗೆ ಪಿನ್ ಹಾಕಿಕೊಳ್ಳುವಾಗ ಕೆಂಚ ಎದ್ದು ಕೂರುತ್ತಿದ್ದ. ಟಿಫಿನ್ ಡಬ್ಬಿಯ ಮುಚ್ಚಳ ಒತ್ತುವಾಗ ಅಡ್ಡಾಡತೊಡಗುತ್ತಿದ್ದ. ಬೀಗದ ಕೈ ಗಲ್ ಎಂದರೆ ಮಂಚದ ಕೆಳಗೆ ಸೇರುತ್ತಿದ್ದ. ಅಂದರೆ ಅವನಿಗೆ ನನ್ನ ಬೆಳಗಿನ ಕ್ರಮವೆಲ್ಲ ಬಾಯಿಪಾಠವಾಗಿತ್ತು, ಅದರ ಕೊನೆಯ ಸಾಲು ಕ್ರೇಟಾಗಿತ್ತು. ಮಂದ ನಾಯಿಗೆ ಕ್ರೇಟು ಎಂದರೆ ಮಲಗುವ ಜಾಗ. ಇಂಥ ನಾಯಿಗೆ ಅದು ನಾವು ಬಿಟ್ಟುಹೋಗುವುದರ ಸುದ್ದಿ. ಆ ಪಾಠವನ್ನು ಕಲಸುಮೇಲೋಗರ ಮಾಡಿಬಿಡಬೇಕು, ಬಾಗಿಲಿನ ಕೆಲಸ ಆಮೇಲಿನದು ಎಂದು ತೀರ್ಮಾನಿಸಿದೆ.

ಸುಮಾರು ಇಪ್ಪತ್ತು ದಿನ, ಸಂಜೆ ಮನೆಗೆ ಬಂದ ಮೇಲೆ, ಸೀರೆಗೆ ಹೊಸದಾಗಿ ಪಿನ್ ಹಾಕಿಕೊಂಡು ಹಾಳೆ ತಿದ್ದಲು ಕುಳಿತೆ. ಚೀಲ ಹೆಗಲಿಗೇರಿಸಿಕೊಂಡು ರೊಟ್ಟಿ ತಟ್ಟಿದೆ. ಬೀಗದ ಕೈ ಗಲಗಲಿಸುತ್ತ ಟಿವಿ ನೋಡಿದೆ. ಕೆಳಗೆ ಹೋಗಿ ಸ್ಕೂಟಿ ಚಾಲೂ ಮಾಡಿ, ಆರಿಸಿ, ಮೇಲೆ ಬಂದೆ. ಎದುರುಮನೆಯವರು ಬ್ಯಾಟರಿ ಕೆಟ್ಟಿದೆಯೇ ಎಂದು ವಿಚಾರಿಸಿದರು. ಇತ್ತ, ಕ್ರೇಟಿನ ಬಾಗಿಲು ಹಾಕುವುದನ್ನು ನಾನು ಮನೆಯಲ್ಲೇ, ಅವನ ಕಣ್ಣೆದುರೇ ಇರುವಾಗ ಮಾತ್ರ ಮಾಡಿದೆ. ಹೊತ್ತನ್ನು ದಿನದಿನಕ್ಕೆ ಏರಿಸುತ್ತ ಹೋಗಿ ಎಂದು ಎಲ್ಲರೂ ಹೇಳುತ್ತಾರೆ. ಕೆಂಚನಿಗೆ ಏರುವ ಲೆಕ್ಕವೂ ತಿಳಿಯುತ್ತಿತ್ತು, ಪ್ರತಿಸಲವೂ ಹೆಚ್ಚಾಗುತ್ತದೆ ಎಂದು ಗೊತ್ತಾದ ಕೂಡಲೇ ಒಳಗೆ ಹೋಗುವುದನ್ನೇ ಬಿಟ್ಟ. ಆದ್ದರಿಂದ 5 ಸೆಕೆಂಡು, 20, 3, 40, 10 ಎಂದು ಹಿಂದುಮುಂದಾಗಿ ಮಾಡಿದೆ. ಹಳೆಯ ಡೈರಿಯಲ್ಲಿ ಬರೆದಿಟ್ಟ ಲೆಕ್ಕ ಈಗ ಪೂರ್ತಿ ನೆನಪಿಲ್ಲ, ಆದರೆ ದೀಪಾವಳಿಯ ಹೊತ್ತಿಗೆ ಹತ್ತು ನಿಮಿಷ, ಸಂಕ್ರಾಂತಿಗೆ ಒಂದು ಗಂಟೆ, ಫೆಬ್ರವರಿ ಮುಗಿಯುವಷ್ಟರಲ್ಲಿ ನಾಲ್ಕು ಗಂಟೆಯಾಗಿತ್ತು. ಆ ದಿನಗಳಲ್ಲಿ ಯಜಮಾನರು ಬೆಳಿಗ್ಗೆ ಅವನನ್ನು ಅಂಗಡಿಗೆ ಕರೆದೊಯ್ದು ಮಧ್ಯಾಹ್ನ ತಂದು ಬಿಡುತ್ತಿದ್ದರು. ಅವರ ಉಪಕಾರವನ್ನೂ ಬರೆಯದಿದ್ದರೆ ತಪ್ಪಾದೀತು.

ಬೊಗಳಿದರೆ ತೆರೆಯಬಾರದು ಎಂಬ ನಿಯಮವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಬೇಯಿಸಿದ ಕೋಳಿಯ ಚೂರನ್ನು ಮೂಗಿನ ಮುಂದೆ ಹಿಡಿಯಿರಿ. ತಿಂದು ಮತ್ತೆ ಬೊಗಳಿದರೆ ಅದು ಹಟ. ಸುಮ್ಮನಾಗಿ ಮೂರು ಉಸಿರು ಎಳೆಯುವವರೆಗೆ ಕಾಯಬಹುದು. ಕೋಳಿಯ ಕಡೆ ನೋಡದೆ ಏದುಸಿರು ಬಿಡುತ್ತ, ಜೊಲ್ಲು ಸುರಿಸುತ್ತ ಬಾಗಿಲನ್ನೇ ಕೆರೆಯುತ್ತಿದ್ದರೆ ಅದು ಭಯ. ಆಗ ಕಾದರೆ ನನ್ನ ಹಾಗೆ ಉಗುರಿನ ಬಿಲ್ ಕಟ್ಟಬೇಕಾಗುತ್ತದೆ.

ಇದರ ನಡುವೆ ಅವನು ಹೊಸದೊಂದು ಉಪಾಯ ಕಂಡುಹಿಡಿದ. ತಳವನ್ನು ಒಂದೇ ಕಾಲಿನಿಂದ ಎರಡು ಸಲ ಕೆರೆದರೆ ಉಚ್ಚೆಗೆ ಹೊರಗೆ ಬಿಡುತ್ತಾರೆ ಎಂದು ತಿಳಿದ ಮೇಲೆ ಗಂಟೆಗೆ ನಾಲ್ಕು ಸಲ ಕೆರೆಯತೊಡಗಿದ. ನಿಜವಾಗಿ ಬಂದಿದ್ದರೆ ಎಂಬ ಅಂಜಿಕೆಯಿಂದ ನಾನು ತೆರೆಯಲೇಬೇಕಿತ್ತು. ಕೊನೆಗೆ, ಕೆರೆದಾಗಲೆಲ್ಲ ಮಾತಾಡದೆ ಚೈನು ಹಾಕಿ, ಕೆಳಗಿನ ಹೊಂಗೆಮರದ ಬುಡದಲ್ಲಿ ಒಂದೇ ಕಡೆ ಕಂಬದ ಹಾಗೆ ಮೂರು ನಿಮಿಷ ನಿಂತು, ಆಗದಿದ್ದರೆ ಹಾಗೆಯೇ ವಾಪಸು ಕ್ರೇಟಿಗೆ ಕರೆತಂದೆ. ಆಟವಿಲ್ಲ, ಸುತ್ತಾಟವಿಲ್ಲ. ಆರು ದಿನಕ್ಕೆ ಸುಳ್ಳು ಕೆರೆತ ನಿಂತಿತು. ಮೆಟ್ಟಿಲು ಹತ್ತಿಳಿದು ನನಗೂ ಮಂಡಿನೋವು ಶುರುವಾಗಿತ್ತು ಎಂಬುದು ಬೇರೆ ಮಾತು.

ತಿನಿಸಿನ ವಿಷಯದಲ್ಲಿ ನಾನು ಮಾಡಿದ ಪ್ರಯೋಗಗಳಲ್ಲಿ ಗೆದ್ದದ್ದು ಮಂಡಕ್ಕಿ. ಮೊದಲು ಅಂಗಡಿಯ ಬಿಸ್ಕತ್ತು ಕೊಟ್ಟು ತಿಂಗಳಿಗೆ ಎಂಟುನೂರು ಕಳೆದುಕೊಂಡೆ. ಕೋಳಿಯ ಈಲಿ ಹೆಚ್ಚಾಗಿ ಎರಡು ದಿನ ಭೇದಿಯಾಯಿತು. ಆಗ ನೆನಪಾದದ್ದು ಆ ಹರಿದ ಚೀಲ. ಮಂಡಕ್ಕಿ ಭಟ್ಟಿಗಳ ಊರಿನಲ್ಲಿದ್ದುಕೊಂಡು ಬಿಸ್ಕತ್ತು ಕೊಳ್ಳುತ್ತಿದ್ದೆನಲ್ಲ ಎಂದು ನಗು ಬಂತು. ಒಂದೊಂದೇ ಕಾಳನ್ನು ತಟ್ಟೆಗೆ ಬೀಳಿಸಿದರೆ ಟಪ್ ಎಂಬ ಸಣ್ಣ ಸದ್ದಾಗುತ್ತದೆ, ಅವನು ಅದಕ್ಕಾಗಿ ಕಿವಿ ನಿಮಿರಿಸಿ ಸುಮ್ಮನೆ ಕೂರುತ್ತಾನೆ. ಐವತ್ತು ಕಾಳು ಕೊಟ್ಟರೂ ಹೊಟ್ಟೆ ತುಂಬುವುದಿಲ್ಲ. ಮಂಡಕ್ಕಿಯಲ್ಲಿ ಉಪ್ಪಿರುವುದರಿಂದ ದಿನಕ್ಕೆ ಒಂದು ಹಿಡಿಗಿಂತ ಹೆಚ್ಚು ಕೊಡುವುದಿಲ್ಲ, ಒಗ್ಗರಣೆ ಹಾಕಿದ್ದನ್ನಂತೂ ಮುಟ್ಟಿಸುವುದಿಲ್ಲ, ಈರುಳ್ಳಿ ನಾಯಿಗೆ ವಿಷ. ರಾಗಿ ಅಂಬಲಿಗೆ ಮೊಸರು ಬೆರೆಸಿ ತೆಂಗಿನ ಕರಟದಲ್ಲಿ ಹೆಪ್ಪುಗಟ್ಟಿಸಿ ಕೊಟ್ಟದ್ದು ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನ ಕರಟವನ್ನೇ ಕಡಿದು ಚೂರು ನುಂಗಲು ಹೋದದ್ದರಿಂದ ಅಗಲ ಬಾಯಿಯ ಸ್ಟೀಲ್ ಬಟ್ಟಲಿಗೆ ಬದಲಾಯಿಸಿದೆ. ಒಂಟಿತನ ಕಳೆಯಲೆಂದು ಚಿತ್ರದುರ್ಗ ಆಕಾಶವಾಣಿ ಹಾಕಿಟ್ಟು ಹೋಗುವ ಪ್ರಯೋಗ ಪೂರ್ತಿ ಸೋತಿತು. ವಾರದೊಳಗೆ ಅವನು ರೇಡಿಯೋ ಎಂದರೆ ನಾನು ಹೊರಡುವೆನೆಂದೇ ಅರ್ಥಮಾಡಿಕೊಂಡ. ಭಾನುವಾರ ಯಜಮಾನರು ರೇಡಿಯೋ ಹಾಕಿದರೂ ಮಂಚದ ಕೆಳಗೆ ಸೇರಿದ.

ಬಾಗಿದ ಕ್ರೇಟಿನ ಬದಲು ಡಿಸೆಂಬರಿನಲ್ಲಿ ಹದಡಿ ರಸ್ತೆಯ ಕಡೆಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಹೊಸದನ್ನು ಮಾಡಿಸಿದೆ. 6,800 ರೂಪಾಯಿ. ಕಿಟಕಿ ಗ್ರಿಲ್ಲಿನ ಅಭ್ಯಾಸದಲ್ಲಿ ಅವರು ಸರಳುಗಳ ನಡುವೆ ಮೂರು ಇಂಚು ಬಿಟ್ಟಿದ್ದರು. ನಾಯಿ ಮೂತಿ ತೂರಿಸಿ ಸಿಕ್ಕಿಕೊಳ್ಳುತ್ತದೆ ಎಂದು ಜಗಳವಾಡಿ ನಡುವೆ ಇನ್ನೊಂದೊಂದು ಸರಳು ಕೂಡಿಸಿ ಒಂದೂವರೆ ಇಂಚಿಗೆ ಇಳಿಸಿದೆ. ವೆಲ್ಡಿಂಗಿನ ಒಳಮುಖದ ಕಿಡಿಗಂಟುಗಳನ್ನು ಬೆರಳಿನಿಂದ ಸವರಿ ನೋಡಿ, ಚುಚ್ಚಿದ ಕಡೆಯೆಲ್ಲ ಅಲ್ಲೇ ನಿಂತು ಅರ ಹಾಕಿಸಿದೆ. ಇದೇ ಕ್ರೇಟನ್ನು ಸೆಪ್ಟೆಂಬರಿನಲ್ಲೇ ತಂದಿದ್ದರೆ ಉಗುರಿನ ಬದಲು ಹಲ್ಲು ಮುರಿಯುತ್ತಿತ್ತು, ಅಷ್ಟೇ ವ್ಯತ್ಯಾಸ. ಹಾಸಿಗೆಗೆಂದು ಕೊಂಡ ಮೂರು ಕುಶನ್‌ಗಳು, ತಲಾ 550 ರೂಪಾಯಿಯವು, ಹತ್ತಿಯಾಗಿ ಹಾರಿದ ಮೇಲೆ ಅತ್ತೆಯವರೇ ತಮ್ಮ ಹಳೆಯ ಕೌದಿಯೊಂದನ್ನು ತಂದು ಹಾಸಿದರು. ಅದನ್ನು ಅವನು ಇಂದಿಗೂ ಹರಿದಿಲ್ಲ.

ಶಿವರಾತ್ರಿ ಕಳೆದ ಕೂಡಲೇ ಬಿಸಿಲು ಏರಿತು. ಕ್ರೇಟಿನ ಮೇಲೆ ದಪ್ಪ ಬಟ್ಟೆ ಹೊದಿಸಿ ಗುಹೆಯಂತೆ ಮಾಡಿ ಎಂಬ ಸಲಹೆ ತಂಪು ದೇಶದವರದು. ಪಶ್ಚಿಮದ ಗೋಡೆಯ ಪಕ್ಕ ಬಟ್ಟೆ ಹೊದಿಸಿದ ಕ್ರೇಟಿನೊಳಗೆ ಮಧ್ಯಾಹ್ನ ಕೈಯಿಟ್ಟು ನೋಡಿದರೆ ನನಗೇ ಉಸಿರುಗಟ್ಟಿತು. ಕ್ರೇಟನ್ನು ಬಚ್ಚಲಮನೆಯ ಮುಂದಿನ ಓಣಿಗೆ ಸರಿಸಿ, ತಳದ ತಟ್ಟೆಯನ್ನೂ ಕೌದಿಯನ್ನೂ ಹಗಲಿಗೆ ತೆಗೆದು, ಕಡಪಾ ಕಲ್ಲಿನ ಮೇಲೆಯೇ ಮಲಗಲು ಬಿಟ್ಟೆ. ಬಟ್ಟೆ ಒಂದು ಬದಿಗೆ ಮಾತ್ರ, ನೀರಿನ ಬಟ್ಟಲು ಸರಳಿಗೆ ಕಟ್ಟಿದ್ದು. ಏದುಸಿರು ಬಿಡುವುದು ನಿಂತಿತು.

ಆ ಮಾರ್ಚ್‌ನಲ್ಲೇ ದುಗ್ಗಮ್ಮನ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯಲ್ಲಿ ದಾವಣಗೆರೆಯ ಮನೆಗಳು ಹೇಗಿರುತ್ತವೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಮ್ಮ ಎರಡು ಕೋಣೆಯ ಮನೆಯಲ್ಲಿ ಇಪ್ಪತ್ತೆರಡು ಜನ ನೆಂಟರು, ಒಲೆಯ ಮೇಲೆ ಬೆಳಗಿನಿಂದ ಮಟನ್, ಅಂಗಳದಲ್ಲಿ ಮಕ್ಕಳ ಪೀಪಿ. ಹನ್ನೊಂದು ಗಂಟೆಗೆ ಕೆಂಚನನ್ನು ಕರೆದೆ. ಒಳಗೆ ಹೋಗಿ, ಒಂದು ಸುತ್ತು ತಿರುಗಿ, ಕಲ್ಲಿನ ಮೇಲೆ ಹೊಟ್ಟೆ ಒತ್ತಿ ಮಲಗಿದ. ಮೊದಲ ಪಂಕ್ತಿಯ ಊಟ ಮುಗಿಯುವ ಹೊತ್ತಿಗೆ ಕಾಲು ಚಾಚಿ ನಿದ್ದೆ ಹೋಗಿದ್ದ. ನಾನು ಬೇಕೆಂದೇ ಅಂದು ಸ್ಪ್ರಿಂಗ್ ಕೊಂಡಿ ಹಾಕಿರಲಿಲ್ಲ, ಚಿಲಕವಷ್ಟೇ ಇತ್ತು. ಮೈದುನ ಎಲುಬು ಹಿಡಿದುಕೊಂಡು ಬಂದು ಕ್ರೇಟಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದರು. ಬೇಯಿಸಿದ ಎಲುಬು ಸೀಳುತ್ತದೆ, ಕೊಡಬೇಡಿ ಎಂದೆ. ಎದ್ದು ಹೋದರು.

ಈಗ ಕೆಂಚನ ತೂಕ 19 ಕೆ.ಜಿ. ಬೆಳಿಗ್ಗೆ ಒಂಬತ್ತೂವರೆಯಿಂದ ಒಂದೂವರೆಯವರೆಗೆ ಒಳಗಿರುತ್ತಾನೆ, ಅದಕ್ಕಿಂತ ಹೆಚ್ಚು ಹೊತ್ತು ನಾನು ಒಳಗಿಡುವುದಿಲ್ಲ. ಮಧ್ಯಾಹ್ನ ಯಜಮಾನರು ಊಟಕ್ಕೆ ಬಂದು ತೆರೆಯುತ್ತಾರೆ. ಹೊರಡುವ ಮುನ್ನ ಕೊನೆಯ ಎರಡು ನಿಮಿಷದಲ್ಲಿ ನಾನು ಮಾಡುವ ಒಂದು ಕೆಲಸವಿದೆ, ಅದನ್ನು ಬರೆಯುವುದಿಲ್ಲ. ಯುಗಾದಿಯ ವಾರ ಮೈದುನ ಟೇಪು ತಂದು ಕ್ರೇಟಿನ ಉದ್ದಗಲ ಅಳೆದುಕೊಂಡರು. ಅವರ ಮನೆಗೆ ಒಂದು ಲ್ಯಾಬ್ರಡಾರ್ ಬಂದಿದೆ; 36 ಸಾಲದು, 42 ಇಂಚು ಬೇಕು ಎಂದೆ, ಸರಳಿನ ಅಂತರವನ್ನೂ ಹೇಳಿದೆ. ಕೊನೆಯ ಎರಡು ನಿಮಿಷದ್ದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.